ಸೀಡಿಯ ಮೇಲಿನ ಚೀಟಿ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬೆಲ್ ಒತ್ತಿದ. ಪಾತ್ರೆ ಹಿಡಿದು ನಿಂತೆ. ಎಂದಿನಷ್ಟೇ ಹಾಲು ಹಾಕಿದ. ಇನ್ನು ಮುಂದೆ ಅಷ್ಟು ಬೇಡ ಎಂದು ಹೇಳಬೇಕಿತ್ತು. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಾಗಿಲ ಪಕ್ಕದಲ್ಲಿ ನಮ್ಮದಲ್ಲದ ಒಂದು ಜೊತೆ ಚಪ್ಪಲಿ ಉಳಿದಿತ್ತು. ಅತ್ತೆ ಅದನ್ನು ಪೊರಕೆಯ ತುದಿಯಿಂದ ಗೋಡೆಯತ್ತ ಸರಿಸಿದರು.

“ಯಾರೋ ಬೇರೆಯವರ ಚಪ್ಪಲಿ ಮೆಟ್ಕೊಂಡು ಹೋಗಿದಾರೆ. ತಲೆಗೆ ಗೊತ್ತಾಗ್ದೇ ಇದ್ರೂ ಕಾಲಿಗಾದ್ರೂ ಗೊತ್ತಾಗಬೇಡ್ವಾ?”

 ಅವರಿಗೆ ಉತ್ತರ ಬೇಕಾಗಿರಲಿಲ್ಲ. ಮಗ ಹೋದ ಮೇಲೆ ಅವರ ಮಾತು ಹೆಚ್ಚಾಗಿತ್ತು, ನನ್ನದು ಕಡಿಮೆಯಾಗಿತ್ತು. ಒಟ್ಟಿನಲ್ಲಿ ಮನೆಯಲ್ಲಿ ಮೊದಲಿನಷ್ಟೇ ಮಾತಿತ್ತು.

ಹಾಲು ಕಾಯಲು ಇಟ್ಟಾಗ ಫೋನ್ ಬಂತು. ಎತ್ತಿದರೆ ಬರೀ ಉಸಿರು. ಇಡಬೇಕೆಂದಿದ್ದೆ, ಅಷ್ಟರಲ್ಲಿ ಉಸಿರಿನೊಳಗಿಂದ ಮಾತು ಬಂತು.

“ನಾನಮ್ಮ, ಟೀಚರ್. ಇಡಬೇಡ.”

ನಮ್ಮ ಬೀದಿಯ ಕೊನೆಯ ಮನೆಯವರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ನನ್ನ ಗಂಡನಿಗೂ ಚಿಕ್ಕವನಿದ್ದಾಗ ಕಲಿಸಲು ನೋಡಿ ಸೋತವರು. ಹೋದ ವರ್ಷ ಗಂಟಲಿನ ಆಪರೇಶನ್ ಆದ ಮೇಲೆ ಅವರ ದನಿ ಹೋಯಿತು. ಈಗ ಉಳಿದಿರುವುದು ಪಿಸುಮಾತು ಮಾತ್ರ.

“ಇದು ಕೇಳೋ ಹೊತ್ತಲ್ಲ, ಗೊತ್ತು ನಂಗೆ. ಆದ್ರೆ ಸಾಯಂಕಾಲ ತಮ್ಮ ಗಾಡಿ ತರ್ತಾನೆ. ಮನೆ ಖಾಲಿ ಮಾಡಿ ಅವನ ಜೊತೆ ಹೋಗ್ತಿದೀನಿ. ನಿನ್ನ ಗಂಡನ ಹತ್ರ ನನ್ನ ಸೀಡಿ ಒಂದಿದೆ.”

“ಇದೆ ಟೀಚರ್. ನಾನೇ ತಂದು ಕೊಡ್ತೀನಿ.”

“ನನ್ನ ದನಿ ಅಂತ ಇರೋದು ಅದೊಂದೇ ಕಣಮ್ಮ.”

ಆಮೇಲೆ ಮತ್ತೆ ಉಸಿರು. ಹಾಲು ಉಕ್ಕಿತು. ಅತ್ತೆ ಓಡಿಬಂದು ಒಲೆ ಆರಿಸಿದರು.

ಆ ಸೀಡಿಯ ವಿಷಯ ನನಗೆ ಗೊತ್ತಿತ್ತು. ಎಷ್ಟೋ ವರ್ಷದ ಹಿಂದೆ ಶಿಷ್ಯೆಯೊಬ್ಬಳು ಟೀಚರನ್ನು ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಒಂದೊಂದಾಗಿ ಹಾಡಿಸಿ ಅದನ್ನು ಮಾಡಿಕೊಟ್ಟಿದ್ದಳು. ಮೂಲ ಟೇಪು ಅವಳ ಬಳಿಯೂ ಉಳಿದಿಲ್ಲ. ಇಷ್ಟು ದಿನ ಒಂದೇ ಪ್ರತಿ ಇಟ್ಟುಕೊಂಡು ಹೇಗೆ ನಿದ್ದೆ ಮಾಡಿದಿರಿ ಟೀಚರ್ ಎಂದು ನನ್ನ ಗಂಡ ಅವರಿಗೆ ಬೈದು, ಕಂಪ್ಯೂಟರಿಗೆ ಹಾಕಿ ಇನ್ನೊಂದು ಪ್ರತಿ ಮಾಡಿಕೊಡುತ್ತೇನೆ ಎಂದು ಇಸಿದುಕೊಂಡು ಬಂದಿದ್ದರು. ಅದಾದ ಮುಂದಿನ ವಾರ ತಾವು ಕೆಲಸ ಮಾಡುತ್ತಿದ್ದ ಲೈಬ್ರರಿಯಲ್ಲಿ, ತಾವೇ ಜೋಡಿಸುತ್ತಿದ್ದ ಪುಸ್ತಕದ ಸಾಲಿನ ಮುಂದೆ ಕುಸಿದರು. ಮೆದುಳಿನಲ್ಲಿ ನರ ಒಡೆದಿತ್ತು ಎಂದರು ಡಾಕ್ಟರು.

ಸೀಡಿ ಅವರ ಮೇಜಿನ ಮೇಲೆಯೇ ಇತ್ತು. ಹುಡುಕಬೇಕಾಗಲಿಲ್ಲ. ಅದರ ಮೇಲ್ಮುಖಕ್ಕೆ, ಒಂದು ಬದಿಗೆ, ಬಿಳಿ ಕಾಗದದ ಚೀಟಿ ಅಂಟಿಸಿ ಬರೆದಿದ್ದರು: ಟೀಚರದು. ವಾಪಸ್.

ಇದು ಅವರ ಅಭ್ಯಾಸ. ಬೇರೆಯವರ ವಸ್ತು ಯಾವುದೇ ಮನೆಗೆ ಬಂದರೂ ಒಳಗಿಡುವ ಮೊದಲು ಚೀಟಿ ಅಂಟಿಸುತ್ತಿದ್ದರು. ಪಕ್ಕದ ಮನೆಯ ಏಣಿಗೆ ಚೀಟಿ, ಅಕ್ಕ ಕಳಿಸಿದ ಡಬ್ಬಿಗೆ ಚೀಟಿ, ಒಂದು ಸಲ ಮಳೆಯಲ್ಲಿ ಯಾರೋ ಕೊಟ್ಟ ಕೊಡೆಯ ಹಿಡಿಗೂ ಚೀಟಿ. ಲೈಬ್ರರಿಯಲ್ಲಿ ಇಡೀ ದಿನ ಪುಸ್ತಕದ ಬೆನ್ನಿಗೆ ಅಂಟಿಸಿ ಅಂಟಿಸಿ ಕೈಗೆ ಅದೇ ಅಂಟಿಕೊಂಡಿದೆ ಎಂದು ನಾನು ನಗುತ್ತಿದ್ದೆ. ಮದುವೆಯಾದ ಹೊಸದರಲ್ಲಿ, ನನಗೂ ಒಂದು ಅಂಟಿಸಿ ತವರಿಗೆ ವಾಪಸ್ ಕಳಿಸಬಹುದಲ್ಲ ಎಂದಿದ್ದೆ. ವಾಪಸ್ ಮಾಡುವ ಪುಸ್ತಕಕ್ಕೆ ಮಾತ್ರ ಅಂಟಿಸುವುದು ಎಂದಿದ್ದರು.

ಕೊಡುವ ಮೊದಲು ಒಂದು ಸಲ ಕೇಳಿಬಿಡೋಣ ಎಂದು ಅವರ ಲ್ಯಾಪ್‌ಟಾಪ್ ಕಂಪ್ಯೂಟರಿನಲ್ಲಿ ಹಾಕಿದೆ. ಟ್ರೇ ಒಳಗೆ ಹೋಯಿತು. ಸೀಡಿ ತಿರುಗತೊಡಗಿತು, ಗಿರ್ರೆಂದು ವೇಗ ಹಿಡಿಯಿತು, ನಡುಗಿತು, ನಿಂತಿತು. ಮತ್ತೆ ತಿರುಗಿತು, ನಡುಗಿತು, ನಿಂತಿತು. ಕೊನೆಗೆ ಪರದೆಯ ಮೇಲೆ, ದಯವಿಟ್ಟು ಸೀಡಿ ಹಾಕಿ ಎಂಬ ಸೂಚನೆ ಬಂತು.

ತೆಗೆದು ನೋಡಿದೆ. ಕೆಳಮುಖದಲ್ಲಿ ಒಂದು ಗೀರೂ ಇರಲಿಲ್ಲ. ಮತ್ತೆ ಹಾಕಿದೆ. ಅದೇ ಸೂಚನೆ.

“ಏನದು ಗಿರಿಗಿರಿ ಸದ್ದು?” ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು.

ಹೇಳಿದೆ. ಅವರು ನನ್ನ ಕೈಯಿಂದ ಸೀಡಿ ತೆಗೆದುಕೊಂಡು ಸೆರಗಿನಿಂದ ದುಂಡಗೆ ಉಜ್ಜಲು ಹೊರಟರು.

“ದುಂಡಗೆ ಬೇಡ ಅತ್ತೆ. ನಡುವಿನಿಂದ ಅಂಚಿಗೆ ನೇರ ಒರೆಸ್ಬೇಕು.”

“ತಟ್ಟೆ ದುಂಡಗಿದ್ರೆ ಒರೆಸೋದೂ ದುಂಡಗೇ. ಎಂ.ಎಸ್ಸಿ. ಓದಿದವಳಿಗೆ ತಟ್ಟೆ ಒರೆಸೋಕೆ ಬರಲ್ಲ.” ಆದರೂ ನೇರ ಒರೆಸಿದರು. ಮತ್ತೆ ಹಾಕಿದೆವು. ಮತ್ತೆ ಅದೇ.

ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತರು.

“ಹಾಳಾಗಿದೆಯಾ?”

“ಗೊತ್ತಿಲ್ಲ.”

“ಹಾಳಾಗಿದ್ರೆ ಅವಳು ಏನಂತಾಳೆ ಗೊತ್ತಾ? ಹೋಗ್ತಾ ಹೋಗ್ತಾ ನನ್ನ ದನೀನೂ ತಗೊಂಡು ಹೋದ ಅಂತಾಳೆ. ಊರೆಲ್ಲ ಹೇಳ್ಕೊಂಡು ಬರ್ತಾಳೆ.”

“ಹೇಳ್ಕೊಂಡು ಬರೋಕೆ ಅವರಿಗೆ ದನಿ ಎಲ್ಲಿದೆ ಅತ್ತೆ?”

ಅತ್ತೆ ನನ್ನನ್ನು ನೋಡಿದರು. ನಾನು ತಮಾಷೆಗೆ ಹೇಳಿದೆನೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಸೀಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ. ಮುಖ್ಯ ರಸ್ತೆಯ ತಿರುವಿನಲ್ಲಿ ಒಬ್ಬ ಟೀವಿ, ರೇಡಿಯೋ, ಮಿಕ್ಸಿ ರಿಪೇರಿ ಮಾಡುತ್ತಾನೆ. ಸಭೆಗಳಿಗೆ ಮೈಕು ಬಾಡಿಗೆಗೆ ಕೊಡುವುದರಿಂದ ಅವನಿಗೆ ಸೌಂಡು ಎಂದೇ ಹೆಸರು. ಅವನು ಮಾತಾಡುವುದೂ ಹಾಗೆಯೇ.

“ಸೀಡಿನಾ ಮೇಡಂ? ಅಂಗಡಿ ಮುಚ್ಚೋದ್ರೊಳಗೆ ಇನ್ನೊಂದು ಸೀಡಿ ನೋಡ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ. ಕೊಡಿ, ಕಣ್ಣು ತಂಪಾಯ್ತು.” ಆಮೇಲೆ ಗುರುತು ಹಿಡಿದು, “ಲೈಬ್ರರಿ ಸಾರ್ ಮನೆಯವರಲ್ವಾ,” ಎಂದು ದನಿ ತಗ್ಗಿಸಿದ. ಅವನ ತಗ್ಗಿದ ದನಿ ಬೇರೆಯವರ ಮಾಮೂಲು ದನಿಯಷ್ಟಿತ್ತು.

ಮೂಲೆಯಲ್ಲಿದ್ದ ಪ್ಲೇಯರನ್ನು ಎಳೆದು, ಧೂಳು ಊದಿ, ಸೀಡಿ ಹಾಕಿದ. ತಿರುಗಿತು, ನಡುಗಿತು, ನಿಂತಿತು. ಅವನು ಪ್ಲೇಯರಿನ ತಲೆಗೆ ಒಂದು ಏಟು ಕೊಟ್ಟ. ಏನೂ ಆಗಲಿಲ್ಲ. ಸೀಡಿ ತೆಗೆದು ಮೂಗಿನ ಹತ್ತಿರ ಹಿಡಿದು ತಿರುಗಿಸಿದ.

“ಕೆಳಗಡೆ ಕನ್ನಡಿ ಥರ ಇದೆ. ತೊಂದರೆ ಇರೋದು ಈ ಚೀಟಿಯದ್ದೇ ಮೇಡಂ. ಒಳಗೆ ಎಲ್ಲೋ ತಾಗ್ತಿದೆ. ಕಿತ್ತು ಬಿಸಾಕಿದ್ರೆ ಹಾಡತ್ತೆ.”

ಹೇಳುತ್ತಲೇ ಹೆಬ್ಬೆರಳಿನ ಉಗುರನ್ನು ಚೀಟಿಯ ಮೂಲೆಗೆ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ.

“ಕೀಳಬೇಡಿ.”

“ಯಾಕೆ ಮೇಡಂ?”

“ಹಾಡು ಇರೋದು ಕೆಳಗಲ್ಲ, ಮೇಲೆ. ಚೀಟಿಯ ಕೆಳಗೇ ಬೆಳ್ಳಿ ಪದರ ಇರತ್ತೆ. ಅದು ಕಾಗದಕ್ಕಿಂತ ತೆಳು. ಅಂಟಿನ ಜೊತೆ ಎದ್ದು ಬರತ್ತೆ.”

ಅವನು ಕೈ ಸಡಿಲಿಸಿದ. ನಾನು ಸೀಡಿ ತೆಗೆದುಕೊಂಡು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ. ಚೀಟಿಯ ಒಂದು ಮೂಲೆಯ ಪಕ್ಕದಿಂದ ಬೆಳಕು ತೂರಿ ನನ್ನ ಕಣ್ಣಿಗೆ ಬಂತು.

ಸಾಸಿವೆಯಷ್ಟು ತೂತು. ಉಗುರಿನಿಂದ ಆ ಮೂಲೆಯನ್ನು ತುಸುವೇ ಎತ್ತಿ ನೋಡಿದೆ. ಕಾಗದದ ಹಿಂಬದಿಗೆ ಬೆಳ್ಳಿಯ ಒಂದು ಚೂರು ಅಂಟಿಕೊಂಡಿತ್ತು. ಯಾರೋ ಆಗಲೇ ಅಲ್ಲಿಂದ ಚೀಟಿ ಕೀಳಲು ಹೊರಟು, ಬೆಳ್ಳಿ ಎದ್ದು ಬಂದದ್ದು ಕಂಡು, ಮತ್ತೆ ಒತ್ತಿ ಅಂಟಿಸಿದ್ದರು.

“ನಾನಲ್ಲ ಮೇಡಂ,” ಎಂದ ಸೌಂಡು. “ನಾನಿನ್ನೂ ಮುಟ್ಟೇ ಇರ್ಲಿಲ್ಲ.”

“ನೀವಲ್ಲ.”

ಅವನು ಪ್ಲೇಯರಿನ ವಯರು ಸುತ್ತುತ್ತ ಹೇಳಿದ. “ಸಾರ್ ಬಂದಿದ್ರು ಮೇಡಂ ಇಲ್ಲಿಗೆ. ಅಂಟು ಬಿಡಿಸೋ ಎಣ್ಣೆ ಇದೆಯೇನಯ್ಯಾ ಅಂದ್ರು. ಯಾವುದಕ್ಕೆ ಸಾರ್ ಅಂದೆ. ಏನೂ ಹೇಳ್ಲಿಲ್ಲ. ನಗ್ತಾ ನಿಂತಿದ್ದು ಹೋದ್ರು.”

ಕೊನೆಯ ಆ ಕೆಲವು ದಿನ ಅವರು ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಏನಾಯಿತು ಎಂದರೆ ಏನಿಲ್ಲ ಎನ್ನುತ್ತಿದ್ದರು. ಕಾಯಿಲೆಯ ಸೂಚನೆ ಅದೇ ಇರಬೇಕು, ನಾವು ಗಮನಿಸಲಿಲ್ಲ ಎಂದು ನೆಂಟರ ಮುಂದೆ ಅತ್ತೆ ಹೇಳಿ ಹೇಳಿ ಅತ್ತಿದ್ದರು. ಅದು ಕಾಯಿಲೆಯಾಗಿರಲಿಲ್ಲ. ಟೀಚರಿಗೆ ಹೇಗೆ ಹೇಳುವುದು ಎಂಬ ಚಿಂತೆಯಾಗಿತ್ತು.

ಸೀಡಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದೆ. ದಾರಿಯುದ್ದಕ್ಕೂ ಅದನ್ನು ಎದೆಗೆ ಒತ್ತಿಕೊಳ್ಳದೆ, ಅಂಗೈ ಮೇಲೆ ಮಟ್ಟವಾಗಿ ಹಿಡಿದುಕೊಂಡೇ ನಡೆದೆ.

ಮನೆಯಲ್ಲಿ ಅತ್ತೆ ಹೊದಿಕೆಗಳನ್ನೆಲ್ಲ ಕಿತ್ತು ವಾಷಿಂಗ್ ಮೆಷಿನ್ನಿಗೆ ತುಂಬಿದ್ದರು. ನಡೆದದ್ದನ್ನು ಹೇಳಿದೆ. ತೂತು ತೋರಿಸಿದೆ. ಮಗನೇ ಕೀಳಲು ನೋಡಿದ್ದ ಎಂದಾಗ ಅವರು ತಿರುಗಿ ಕಿಟಕಿಯ ಕಡೆ ನಿಂತರು.

“ಸಿಕ್ಲಿಲ್ಲ ಅಂದ್ಬಿಡು,” ಎಂದರು.

“ಇದೆ ಅಂತ ಆಗ್ಲೇ ಹೇಳಿದೀನಿ.”

“ಇದೆ ಅಂದ್ಕೊಂಡೆ, ಹುಡುಕಿದ್ರೆ ಇಲ್ಲ ಅನ್ನು. ಅಷ್ಟು ಜನ ಬಂದು ಹೋಗಿದಾರೆ. ಕಾಲಿನ ಚಪ್ಪಲಿನೇ ಅದಲುಬದಲಾಗಿದೆ, ಸೀಡಿ ಯಾವ ಲೆಕ್ಕ? ಕಳೆದುಹೋಯ್ತು ಅಂದ್ರೆ ಅವಳು ನಮ್ಮನ್ನ ಬೈತಾಳೆ. ಹಾಳು ಮಾಡಿದ ಅಂದ್ರೆ ಅವನನ್ನ ಬೈತಾಳೆ. ಅವನಿಗೆ ಬೈಸಬೇಡ.”

“ಅವರ ದನಿ ಅತ್ತೆ ಅದು.”

“ಅವನು ನನ್ನ ಮಗ.”

 ಕಳೆದುಹೋಯಿತು ಎನ್ನುವುದು ಸುಲಭವಾಗಿತ್ತು. ಹೊಸ ವಿಧವೆಯನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಟೀಚರ್ ಗಾಡಿ ಹತ್ತಿ ಹೋಗುತ್ತಾರೆ. ಸೀಡಿ ಈ ಮೇಜಿನ ಮೇಲೆ ಇರುತ್ತದೆ, ಅದರ ಮೇಲೆ ನನ್ನ ಗಂಡನ ಅಕ್ಷರ ಇರುತ್ತದೆ. ಒಂದು ಕ್ಷಣ ನನಗೆ ಅದು ಬೇಕೆನಿಸಿತು.

ಆಗ ಬಚ್ಚಲಲ್ಲಿ ಮೆಷಿನ್ನು ಬಡಿದುಕೊಳ್ಳಲು ಶುರುಮಾಡಿತು. ಧಡ್ ಧಡ್ ಎಂದು ಗೋಡೆಗೆ ಗುದ್ದುತ್ತ ಜಾಗ ಬಿಟ್ಟು ಸರಿಯಿತು. “ಇದೊಂದು ಬೇರೆ,” ಎನ್ನುತ್ತ ಅತ್ತೆ ಹೋದರು. ನಾನು ಬಾಗಿಲಿನಿಂದ ನೋಡಿದೆ. ನಿಲ್ಲಿಸಿ, ಮುಚ್ಚಳ ತೆಗೆದು, ಒಂದೇ ಕಡೆ ಮುದ್ದೆಯಾಗಿದ್ದ ಕಂಬಳಿಯನ್ನು ಎಳೆದು ಸುತ್ತಲೂ ಹರಡಿದರು. ಮತ್ತೆ ಚಾಲೂ ಮಾಡಿದರು. ಮೆಷಿನ್ನು ಸದ್ದಿಲ್ಲದೆ ತಿರುಗಿತು.

ಚೀಟಿ ಎಲ್ಲಿಯೂ ತಾಗುತ್ತಿರಲಿಲ್ಲ. ಅದು ಒಂದೇ ಬದಿಗಿತ್ತು, ಅಷ್ಟೆ. ಆ ವೇಗದಲ್ಲಿ ಕಾಗದದ ತುಂಡೂ ಒದ್ದೆ ಕಂಬಳಿಯಾಗುತ್ತದೆ.

“ಅತ್ತೆ, ದಾರ ಎಲ್ಲಿದೆ?”

ಅದೇ ಅಳತೆಯ ಇನ್ನೊಂದು ಚೀಟಿಯನ್ನು ಸರಿಯಾಗಿ ಎದುರು ಬದಿಗೆ, ನಡುವಿನಿಂದ ಅಷ್ಟೇ ದೂರಕ್ಕೆ ಅಂಟಿಸಬೇಕು. ಒಂದು ಸಲ ಅಂಟಿಸಿದರೆ ಮುಗಿಯಿತು. ಕೂದಲೆಳೆ ಆಚೀಚೆಯಾದರೂ ತೆಗೆಯುವಂತಿಲ್ಲ, ತೆಗೆದರೆ ಅಲ್ಲಿಯ ಬೆಳ್ಳಿಯೂ ಬರುತ್ತದೆ. ಇದನ್ನೆಲ್ಲ ಹೇಳಿದಾಗ ಅತ್ತೆ ನನ್ನ ಮುಖ ನೋಡಿದರು.

“ಇನ್ನಷ್ಟು ಹಾಳಾದ್ರೆ?”

“ಆಗ ಹಾಳು ಮಾಡಿದವಳು ನಾನು ಅಂತ ಹೇಳಿ.”

 ಅತ್ತೆ ಹೊಲಿಗೆ ಡಬ್ಬಿ ತಂದರು. ಅಡುಗೆಮನೆಯ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಸೀಡಿ ಇಟ್ಟೆ. ಚೀಟಿಯ ನಡುಮಧ್ಯದಿಂದ, ಸೀಡಿಯ ನಡುವಿನ ತೂತಿನ ಮೇಲೆ ಹಾಯುವಂತೆ, ಆಚೆಯ ಅಂಚಿಗೆ ಕಪ್ಪು ದಾರ ಎಳೆದು ಅತ್ತೆ ಎರಡೂ ತುದಿ ಹಿಡಿದರು. ಗಂಡನ ಮೇಜಿನ ಡ್ರಾಯರಿನಿಂದ ಚೀಟಿಯ ಸುರುಳಿ ತಂದು ಒಂದನ್ನು ಬಿಡಿಸಿದೆ. ಬರೆದದ್ದಲ್ಲ, ಖಾಲಿ. ಹಳೆಯ ಚೀಟಿಯಿದ್ದಷ್ಟೇ ದೂರ ಅಳೆದು ಎದುರು ಬದಿಯಲ್ಲಿ ಪೆನ್ನಿನ ಚುಕ್ಕೆಯಿಟ್ಟು ಗುರುತು ಮಾಡಿದೆ.

“ದಾರ ನಡುವಿಗೇ ಇದೆಯಾ ನೋಡು.”

“ದಾರ ಸಡಿಲ ಬಿಡಬೇಡಿ.”

“ನಾನು ಬಿಟ್ಟಿಲ್ಲ. ನೀನು ಉಸಿರು ಬಿಡು ಮೊದಲು.”

ಉಸಿರು ಬಿಟ್ಟೆ. ಅತ್ತೆ ದಾರ ಮೇಲಕ್ಕೆತ್ತಿದರು. ಚೀಟಿಯ ಒಂದು ಅಂಚನ್ನು ಗುರುತಿಗೆ ಮುಟ್ಟಿಸಿದೆ. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ. ಬೆರಳ ತುದಿಯಿಂದ ನಿಧಾನ ಒತ್ತುತ್ತ ಬಂದೆ. 

ಕಂಪ್ಯೂಟರಿನಲ್ಲಿ ಸೀಡಿಯ ವೇಗವನ್ನು ಆದಷ್ಟು ಕಡಿಮೆ ಮಾಡಿ, ಟ್ರೇ ಒಳಗೆ ತಳ್ಳಿದೆ. ತಿರುಗಿತು. ವೇಗ ಹಿಡಿಯಿತು. ನಾನು ಅಂಗೈಯನ್ನು ಕಂಪ್ಯೂಟರಿನ ಬೆನ್ನಿಗೆ ಇಟ್ಟಿದ್ದೆ. ಸಣ್ಣಗೆ ಗುಂಯ್‌ಗುಡುತ್ತಿತ್ತು. ನಿಲ್ಲಲಿಲ್ಲ. ಪರದೆಯ ಮೇಲೆ ಹಾಡುಗಳ ಸಾಲು ಬಂತು.

ಮೊದಲನೆಯದು ಶುರುವಾಯಿತು. ಮೊದಲು ಯಾರೋ ಕುರ್ಚಿ ಸರಿಸಿದ ಸದ್ದು. ಆಮೇಲೆ ದನಿ.

ಅತ್ತೆ ಬಾಯಿಗೆ ಕೈ ಇಟ್ಟುಕೊಂಡರು. “ಇದು ಅವಳಾ? ಈ ಗಂಟಲಾ?” ಸ್ವಲ್ಪ ಹೊತ್ತು ಕೇಳಿ, “ನನ್ನ ಮಗನ್ನ ಕಿವಿ ತೊಳೆಸ್ಕೊಂಡು ಬಾ ಅಂತ ಕ್ಲಾಸಿಂದ ವಾಪಸ್ ಕಳಿಸಿದ್ಲು. ಕಳಿಸಿದ್ದು ಸರಿಯಾಗೇ ಇತ್ತು,” ಎಂದರು. ಮಗ ಹೋದ ಮೇಲೆ ಮೊದಲ ಸಲ, ಅಳದೆ ಮಗನ ಮಾತಾಡಿದರು.

ನಾನು ಹಾಡು ಕೇಳುತ್ತಿರಲಿಲ್ಲ. ಸೀಡಿಯ ಮೇಲೆ ಹಾಡು ಒಳಗಿನಿಂದ ಅಂಚಿನ ಕಡೆಗೆ ಬರೆದಿರುತ್ತದೆ. ತೂತು ಇದ್ದದ್ದು ಅಂಚಿನ ಹತ್ತಿರ. ಕೆಳಮುಖವನ್ನು ಓರೆಯಾಗಿ ಹಿಡಿದು ನೋಡಿದಾಗ, ಬರೆದ ಭಾಗದ ಗಾಢ ಬಣ್ಣ ಹೆಚ್ಚುಕಡಿಮೆ ಅಲ್ಲಿಯವರೆಗೂ ಇತ್ತು. ಅಲ್ಲಿಗೆ ಸ್ವಲ್ಪ ಮೊದಲೇ ಮುಗಿದಿದೆಯೋ, ಅದನ್ನು ದಾಟಿದೆಯೋ, ಕಣ್ಣಿಗೆ ತಿಳಿಯುವಂತಿರಲಿಲ್ಲ. ಕೊನೆಯ ಹಾಡು ಬರುವವರೆಗೆ ಕಾಯಬೇಕಿತ್ತು.

ಒಂದೊಂದು ಹಾಡೂ ಕಂಪ್ಯೂಟರಿಗೆ ಇಳಿಯಿತು. ಮಧ್ಯಾಹ್ನದ ಬಿಸಿಲು ಮೇಜಿನಿಂದ ನೆಲಕ್ಕೆ ಬಂತು. ಅತ್ತೆ ತಟ್ಟೆಯಲ್ಲಿ ಅನ್ನ ಹಾಕಿ ತಂದು ಪಕ್ಕದಲ್ಲಿಟ್ಟರು, ಅದು ಆರಿತು. ಕೊನೆಯ ಹಾಡು ಶುರುವಾದಾಗ ಇಬ್ಬರೂ ಪರದೆಯ ಮುಂದೆ ಬಗ್ಗಿ ನಿಂತಿದ್ದೆವು.

ಮುಕ್ಕಾಲು ಪಾಲು ಸರಿಯಾಗಿ ಬಂತು. ಆಮೇಲೆ ದನಿ ಚೂರುಚೂರಾಯಿತು. ಆಮೇಲೆ ದನಿಯೇ ಇಲ್ಲ. ಕಂಪ್ಯೂಟರಿನೊಳಗೆ ಕಟಕಟ ಸದ್ದು. ಅತ್ತೆ ನನ್ನ ತೋಳು ಹಿಡಿದರು. ಮತ್ತೆ ದನಿ ಬಂತು, ಸಾಲಿನ ನಡುವಿನಿಂದ, ಏನೂ ಆಗಿಲ್ಲವೆಂಬಂತೆ ಹಾಡಿ ಮುಗಿಸಿತು.

ಸಾಸಿವೆಯಷ್ಟು ಜಾಗದಲ್ಲಿ ಅರ್ಧ ಸಾಲು ಹೋಗಿತ್ತು.

“ಇಷ್ಟೇ ತಾನೆ?” ಎಂದರು ಅತ್ತೆ. “ಇಷ್ಟಕ್ಕೆ ಏನೂ ಹೇಳಬೇಕಾಗಿಲ್ಲ. ಹಳೇ ಸೀಡಿ, ಮೊದಲೇ ಹಾಗಿತ್ತೇನೋ ಅಂದ್ಕೋತಾಳೆ.”

ನಾನು ಸೀಡಿ ತೆಗೆದು ಬಟ್ಟೆಯಲ್ಲಿ ಸುತ್ತಿದೆ. ಕಂಪ್ಯೂಟರನ್ನೂ ಚೀಲಕ್ಕೆ ಹಾಕಿಕೊಂಡೆ. ಇಳಿಸಿಕೊಂಡ ಹಾಡುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಅದನ್ನೂ ಇಟ್ಟುಕೊಂಡೆ. ಅತ್ತೆ ಬಾಗಿಲವರೆಗೆ ಬಂದರು. “ಹೇಳ್ತೀಯಾ?” ಎಂದು ಕೇಳಿದರು. ಹೇಳುತ್ತೇನೆ ಎಂದೆ. ಅವರು ತಡೆಯಲಿಲ್ಲ.

ಟೀಚರ ಮನೆಯ ಮುಂದೆ ಗಾಡಿ ಬಂದಿತ್ತು. ಅವರ ತಮ್ಮ ಮಂಚದ ಕಾಲು ಬಿಚ್ಚುತ್ತಿದ್ದ. ಒಳಗೆ ಗೋಡೆಗಳ ಮೇಲೆ ಚಿತ್ರಗಳಿದ್ದ ಜಾಗ ಚೌಕಚೌಕವಾಗಿ ಬೆಳ್ಳಗಿತ್ತು. ಟೀಚರ್ ಹಗ್ಗ ಬಿಗಿದ ಪೆಟ್ಟಿಗೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಪಕ್ಕದ ಪೆಟ್ಟಿಗೆ ತೋರಿಸಿದರು.

“ಕೂತ್ಕೋ. ಅದರಲ್ಲಿ ಗಾಜಿದೆ, ಮೆತ್ತಗೆ ಕೂತ್ಕೋ.”

ನಾನು ನಿಂತೇ ಹೇಳಿದೆ. ನನ್ನ ಗಂಡ ಚೀಟಿ ಅಂಟಿಸಿದ್ದು, ಅದರಿಂದ ಸೀಡಿ ಹಾಡದೆ ಹೋದದ್ದು, ಅವರು ಕೀಳಲು ಹೋಗಿ ತೂತಾದದ್ದು, ನಾನು ಇನ್ನೊಂದು ಅಂಟಿಸಿದ್ದು. ಕೊನೆಯ ಹಾಡಿನಲ್ಲಿ ಅರ್ಧ ಸಾಲು ಇಲ್ಲ ಎಂದೆ.

ಟೀಚರ್ ಬಟ್ಟೆ ಬಿಡಿಸಿ ಸೀಡಿ ನೋಡಿದರು.

“ನನ್ನ ಹಾಡಿಗೆ ಚೀಟಿ ಅಂಟಿಸು ಅಂತ ನಾನು ಹೇಳಿದ್ನಾ?”

“ಇಲ್ಲ ಟೀಚರ್.”

“ಕೇಳೋಕೂ ಬಾಯಿರ್ಲಿಲ್ವಾ ಅವನಿಗೆ?” ಪಿಸುದನಿಯಲ್ಲಿ ಸಿಟ್ಟು ಇನ್ನೂ ಚೂಪಾಗಿತ್ತು. ಕತ್ತಿನ ನರ ಉಬ್ಬಿತ್ತು. “ಅರ್ಧ ಸಾಲು ಅಂತೀಯ. ನನ್ನ ಹತ್ರ ಇನ್ನೆಲ್ಲಿದೆ ಅರ್ಧ ಸಾಲು, ತಂದು ಅಲ್ಲಿ ಹಾಕೋಕೆ?”

 ಗಂಡನ ಪರವಾಗಿ ಏನಾದರೂ ಹೇಳಬೇಕಿತ್ತು. ಅವರು ಹೇಳದೆ ಇಟ್ಟುಕೊಂಡು ಹೋದದ್ದನ್ನು ಹೇಳುವುದಕ್ಕಷ್ಟೇ ನಾನು ಬಂದಿದ್ದೆ. ಬೈಗುಳ ಅವರಿಗೆ ಸೇರಿದ್ದು. ಅದನ್ನು ಕೇಳಿಸಿಕೊಂಡೆ.

ತಮ್ಮ ಮಂಚದ ಕಾಲು ಹಿಡಿದು ಒಳಗೆ ಇಣುಕಿ, “ಅಕ್ಕಾ, ಇವತ್ತಿನ ದಿನ ಬೇಡ,” ಎಂದ. ಟೀಚರ್ ಅವನಿಗೆ ಕೈ ಬೀಸಿದರು. ಬಹಳ ಹೊತ್ತು ಸೀಡಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕೈಗೆ ಕೊಟ್ಟರು.

“ಹಾಕು. ಕೊನೇದೇ ಹಾಕು.”

ಕಂಪ್ಯೂಟರನ್ನು ಪೆಟ್ಟಿಗೆಯ ಮೇಲಿಟ್ಟು ಸೀಡಿ ಹಾಕಿದೆ. ಖಾಲಿ ಕೋಣೆಯಲ್ಲಿ ದನಿ ದೊಡ್ಡದಾಗಿ ಕೇಳಿಸಿತು. ಅಂಗಳದಲ್ಲಿ ಸುತ್ತಿಗೆಯ ಸದ್ದು ನಿಂತಿತು. ಟೀಚರ್ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಬೇರೆ ಯಾರದೋ ಹಾಡು ಕೇಳುವವರಂತೆ ಹುಬ್ಬು ಗಂಟಿಕ್ಕಿ ಕೂತಿದ್ದರು. “ಇಲ್ಲಿ ಅವಸರ ಮಾಡಿದೀನಿ,” ಎಂದರು ಒಮ್ಮೆ.

ಆ ಜಾಗ ಹತ್ತಿರ ಬಂತು. ನಾನು ನೆಲ ನೋಡಿದೆ. ದನಿ ಚೂರಾಯಿತು, ನಿಂತಿತು.

ತಾಳ ನಿಲ್ಲಲಿಲ್ಲ. ತಲೆ ಎತ್ತಿದೆ. ಟೀಚರ ಬಾಯಿ ಆಡುತ್ತಿತ್ತು. ಕತ್ತು ಎತ್ತಿ, ಕಣ್ಣು ಮುಚ್ಚಿ, ಒಂದಿಷ್ಟೂ ಸದ್ದಿಲ್ಲದೆ ಆ ಅರ್ಧ ಸಾಲನ್ನು ಅವರು ಹಾಡುತ್ತಿದ್ದರು. ದನಿ ಮರಳಿ ಬಂದಾಗ ಅವರ ತುಟಿ ಅದೇ ಅಕ್ಷರದ ಮೇಲಿತ್ತು.

 ಹಾಡು ಮುಗಿದ ಮೇಲೆ ಅಂಗಳದಲ್ಲಿ ಸುತ್ತಿಗೆ ಮತ್ತೆ ಶುರುವಾಯಿತು.

“ಎಲ್ಲೂ ಜಾರಿಲ್ಲ,” ಎಂದರು ಟೀಚರ್. ತಮಗೇ ಹೇಳಿಕೊಂಡಿದ್ದು. ಆಮೇಲೆ ನನ್ನ ಕಡೆ ತಿರುಗಿದರು. “ಹೇಳದೇ ಕೊಟ್ಟಿದ್ರೆ ಅಲ್ಲಿ ಹೋಗಿ ಒಬ್ಬಳೇ ಕೇಳ್ತಿದ್ದೆ. ಆಗ ನಿಮ್ಮಿಬ್ಬರನ್ನೂ ಸೇರಿಸಿ ಬೈತಿದ್ದೆ.”

“ಈಗ?”

“ಈಗ ಅವನನ್ನ ಮಾತ್ರ.”

ಪೆನ್‌ಡ್ರೈವ್ ಕೊಟ್ಟೆ. ಅವರು ಮಾಡಿಕೊಡುತ್ತೇನೆ ಎಂದಿದ್ದ ಪ್ರತಿ ಎಂದೆ. ಟೀಚರ್ ಅದನ್ನು ತಿರುಗಿಸಿ ನೋಡಿ, ಇದರಲ್ಲಿ ನಾನೆಲ್ಲಿ ಹಿಡಿಸ್ತೀನಿ ಎಂಬಂತೆ ಮುಖ ಮಾಡಿ, ರವಿಕೆಯೊಳಗೆ ಇಟ್ಟುಕೊಂಡರು.

ಟ್ರೇ ಹೊರಗೆ ಬಂತು. ಸೀಡಿ ಇನ್ನೂ ಬೆಚ್ಚಗಿತ್ತು. ಅಂಚುಗಳನ್ನಷ್ಟೇ ಹಿಡಿದು ಎತ್ತಿದೆ. ಟೀಚರ್ ಎರಡೂ ಕೈ ಒಟ್ಟಿಗೆ ಚಾಚಿದರು. ಅದನ್ನು ಅವರ ಕೈಯಲ್ಲಿಟ್ಟೆ.